ತೊಟ್ಟಿಲ ಹತ್ತಿರ ಯಾರು ನಿಲ್ಲಬೇಕು?

"ಚಿಲ್ಲರ ಇಲ್ಲಂತ ಸಕ್ಕರಿ ಕೊಡಾಕತ್ತೀಯೇನೋ ಕಂಡಕ್ಟರಾ?"

ನೀಲವ್ವ ಕೇಳಿದ್ದೇ ತಡ, ಇಡೀ ಬಸ್ಸು ನಕ್ಕಿತು. ಗದಗಿನ ಸಂತೆಯಲ್ಲಿ ಉಳ್ಳಾಗಡ್ಡಿ ಮಾರಿ, ಖಾಲಿ ಚೀಲ ಮಡಚಿಕೊಂಡು ಊರಿಗೆ ಹೊರಟಿದ್ದ ಹೆಂಗಸು.

ಕಂಡಕ್ಟರ್ ಗುರುಪಾದನೂ ನಕ್ಕ. "ಚಿಲ್ಲರ ಬ್ಯಾರೆ, ಸಕ್ಕರಿ ಬ್ಯಾರೆ ಬೇ ಯವ್ವಾ... ನನಗ ಮಗಳು ಹುಟ್ಯಾಳ!"

"ಮಂದಿ ಮನಿಮನಿಗೆ ಹೋಗಿ ಹಂಚತಾರ. ನೀ ಬಸ್ಸಿನ್ಯಾಗ ಹಂಚತೀಯಲ್ಲೋ!"

"ಯಾರ ಮನಿಗೆ ಹೋಗ್ಲಿ ಯವ್ವಾ?"

ನಗು ಅಲ್ಲಿಗೇ ನಿಂತಿತು...

ಅಪ್ಪ ಅವ್ವನ ಮುಖ ಅವನಿಗೆ ನೆನಪಿಲ್ಲ. ಬೆಳೆದದ್ದು ಮಠದ ಹಾಸ್ಟೆಲ್‌ನಲ್ಲಿ. ಮಗಳು ಹುಟ್ಟಿದ ಸುದ್ದಿ ಬಂದಾಗ ಮೊಬೈಲ್ ಹಿಡಿದು ಬಹಳ ಹೊತ್ತು ಕೂತಿದ್ದ. ಯಾರಿಗೆ ಫೋನ್ ಮಾಡಬೇಕೆಂದೇ ಹೊಳೆಯಲಿಲ್ಲ.

"ಹೆಸರಿಡೋದು ಯಾವಾಗ?"

"ಶುಕ್ರವಾರ. ರೋಣದಾಗ, ಹೆಂಡ್ತಿ ತವರಿನ್ಯಾಗ." ಗುರುಪಾದ ಟಿಕೆಟ್ ಮಷೀನ್ ನೋಡುತ್ತಾ ದನಿ ತಗ್ಗಿಸಿದ. "ಕೂಸಿನ ಕಿವಿಯಾಗ ಹೆಸರು ಹೇಳಾಕ ಸೋದರತ್ತಿ ಬೇಕಲ್ಲ... 'ನಿಮ್ಮ ಕಡೆಯಿಂದ ಯಾರು ಬರ್ತಾರ' ಅಂತ ಹೆಂಡ್ತಿ ಮನಿಯವ್ರು ದಿನಾ ಕೇಳ್ತಾರ. ದೂರದ ಅಕ್ಕ ಒಬ್ಬಾಕಿ ಅದಾಳ, ಬರ್ತಾಳಂತ ಸುಳ್ಳು ಹೇಳೀನಿ."

ನೀಲವ್ವ ಸಕ್ಕರೆ ಬಾಯಿಗೆ ಹಾಕಿಕೊಂಡಳು.

"ಮನಿ ಎಲ್ಲೈತಿ?"

"ಬಸ್ ಸ್ಟ್ಯಾಂಡ್ ಹಿಂದ, ಹಿಟ್ಟಿನ ಗಿರಣಿ ಬಾಜೂಕ."

ಖಾಲಿ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ತನ್ನ ಊರಲ್ಲಿ ಇಳಿದು ಹೋದಳು. ಕೇಳೋರು ಕೇಳ್ತಾರೆ, ಇಳಿಯೋರು ಇಳೀತಾರೆ... ಗುರುಪಾದ ಸೀಟಿ ಊದಿದ.

ಶುಕ್ರವಾರ ಬಂತು. ಮನೆ ತುಂಬ ಹೆಂಡತಿಯ ಕಡೆಯವರು. ಆ ಗದ್ದಲದಲ್ಲಿ ಗುರುಪಾದ ಒಬ್ಬನೇ ಕಂಬಕ್ಕೆ ಒರಗಿ ನಿಂತಿದ್ದ.

"ಎಲ್ರೀ ಅಳಿಯಂದಿರ, ನಿಮ್ಮಕ್ಕ?" ಹೆಂಡತಿಯ ತಾಯಿ ಕೇಳಿದರು.

ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದ...

ಬಾಗಿಲಲ್ಲಿ ನೀಲವ್ವ! ಕೈಯಲ್ಲಿ ಕೂಸಿನ ತಲೆಗೆ ಹಾಕುವ ಪುಟ್ಟದೊಂದು ಹೊಸ ಕುಲಾವಿ. ಆದರೆ ಹೊಸ್ತಿಲು ದಾಟಲಿಲ್ಲ.

"ತಮ್ಮಾ, ಬಸ್ಸಿನ್ಯಾಗ ಹೇಳಾಕ ಆಗಲಿಲ್ಲ... ನಾ ಗಂಡನ್ನ ಕಳಕೊಂಡಾಕಿ. ನನ್ನ ಒಡಹುಟ್ಟಿದ ತಮ್ಮನೂ ತೊಟ್ಟಿಲಿಗೆ ನನ್ನ ಕರೀಲಿಲ್ಲ. ಇದನ್ನ ಕೊಟ್ಟು ಹೋಗ್ತೀನಿ."

ಗುರುಪಾದ ಕಂಬ ಬಿಟ್ಟು ಬಾಗಿಲಿಗೆ ಬಂದ.

"ಹಂಗಾರ ನನ್ನ ಮಗಳಿಗೆ ಹೆಸರು ಯಾರು ಹೇಳಬೇಕು? ಒಳಗ ಬಾ... ಅಕ್ಕಾ."

ಆ ಮಾತು ಮನೆಯವರಿಗೆಲ್ಲ ಕೇಳಿಸಿತು.

ನೀಲವ್ವ ಹೊಸ್ತಿಲು ದಾಟಿ ಬಂದು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದಿ ನಗುವುದು ಆ ಕಡೆಯ ವಾಡಿಕೆ.

ಒಂದು ಕೈಯೂ ಮೇಲೇಳಲಿಲ್ಲ... ಬಾಗಿದವಳು ಬಾಗಿಯೇ ಇದ್ದಳು.

ಆಗ ಹೆಂಡತಿಯ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ನೀಲವ್ವನ ಬೆನ್ನ ಮೇಲೆ ಧಡ್ ಅಂತ ಒಂದು ಗುದ್ದು ಬಿತ್ತು!

*ಕರೆಯಲು ಯಾರೂ ಇಲ್ಲದವರೂ, ಯಾರೂ ಕರೆಯದವರೂ ಒಂದೇ ಬಸ್ಸಿನಲ್ಲಿ ಕೂತಿರುತ್ತಾರೆ... ಒಬ್ಬರು ಬಾಯಿ ಬಿಡಬೇಕು, ಅಷ್ಟೇ.*

ನಿಮ್ಮ ಮನೆಯ ಸಂಭ್ರಮಕ್ಕೆ ಇಷ್ಟು ವರ್ಷ ನೀವು ಕರೆಯದೇ ಬಿಟ್ಟ ಆ ಒಬ್ಬರು ಯಾರು?