ಇಂಟರ್‌ವಲ್‌ಗೆ ಮೊದಲೇ ಸಾಯುವವಳು

ಅವಳು ಮೂವತ್ತೆರಡು ಚಿತ್ರಗಳಲ್ಲಿ ಸತ್ತಿದ್ದಳು, ಎಲ್ಲದರಲ್ಲೂ ಇಂಟರ್‌ವಲ್‌ಗೆ ಮೊದಲೇ. ಹದಿನೈದು ದಿನಕ್ಕೆ ಸುತ್ತಿ ಮುಗಿಸುವ ಅಂಥ ಚಿತ್ರಗಳಲ್ಲಿ ಹೆಂಗಸರಿಗೆ ಡೂಪ್ ಹಾಕುವ ಪದ್ಧತಿಯೇ ಇರಲಿಲ್ಲ. ಕ್ಯಾಬರೆ ಕುಣಿದವಳೇ ಮಹಡಿಯಿಂದಲೂ ಬೀಳಬೇಕು. ಬಿದ್ದು ಬಿದ್ದು ಎಡಮಂಡಿ ಹೋಗಿತ್ತು. ಹಾಸ್ಟೆಲಿನಲ್ಲಿ ಬೆಳೆದ ಮಗಳು ತಾಯಿಗೊಂದು ಮಾತೂ ಹೇಳದೆ ಮದುವೆಯಾಗಿದ್ದಳು. ಮಗಳಿಗೆ ಮಗುವಾಗಿದೆಯೆಂದು ಯಾರೋ ಹೇಳಿದ ಮೇಲೆ, ಒಂದು ಉಲ್ಲನ್ ಟೋಪಿ ಕೊಂಡು, ಕುಂಟುತ್ತಾ ಆ ಮನೆಯ ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದವರು ಮಗಳ ಅತ್ತೆ. ಯಾರೆಂದು ಕೇಳುವ ಮೊದಲೇ ಒಳಗೆ ಕರೆದು ಕೂರಿಸಿದರು. ಎದುರಿನ ಗೋಡೆಯ ಮೇಲೆ ಅವಳದೇ ಫೋಟೋ. ಯಾವುದೋ ಚಿತ್ರದಲ್ಲಿ ನಾಯಕನ ಸತ್ತ ತಾಯಿಯೆಂದು ತೋರಿಸಲು ತೆಗೆದದ್ದು. ಅಲ್ಲಿ ಹಾಕಿದ್ದಂತೆ ಇಲ್ಲೂ ಗಂಧದ ಹಾರ ಹಾಕಿದ್ದರು.

"ನಮ್ಮ ಸೊಸೆಯ ತಾಯಿ," ಎಂದರು ಅತ್ತೆ. "ಇವಳು ಚಿಕ್ಕವಳಿದ್ದಾಗಲೇ ತೀರ್ಕೊಂಡ್ರಂತೆ. ಮದ್ರಾಸಲ್ಲಿ ದೊಡ್ಡ ನಟಿಯಂತೆ. ನಾವು ಸಿನಿಮಾ ನೋಡೋರಲ್ಲ."

ಅವಳು ತಲೆಯಾಡಿಸಿದಳು. ಏನೂ ಅನ್ನಿಸಲಿಲ್ಲ, ಮಂಡಿ ಮಾತ್ರ ನೋಯುತ್ತಿತ್ತು.

ಅತ್ತೆ ಫೋಟೋ ನೋಡಿದರು, ಅವಳನ್ನು ನೋಡಿದರು. "ನಿಮ್ಮ ಮುಖ ಥೇಟ್ ಅವರ ಹಾಗೇ ಇದೆಯಲ್ಲ. ತಂಗಿಯಾಗಬೇಕಾ?"

ಕೋಣೆಯ ಬಾಗಿಲಲ್ಲಿ ಮಗಳು ಮಗುವನ್ನು ಅವುಚಿಕೊಂಡು ನಿಂತಿದ್ದಳು. ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದಳು.

ಅವಳು ಟೋಪಿಯನ್ನು ಟೀಪಾಯಿಯ ಮೇಲಿಟ್ಟು ಎದ್ದಳು.

"ಅಲ್ಲಮ್ಮ. ಅವರು ಬೀಳೋ ಸೀನ್ ಇದ್ದಾಗೆಲ್ಲ ನನ್ನ ಕರೆಸ್ತಿದ್ರು. ನಾನು ಅವರ ಡೂಪ್."