ಚಾಚಿದ ಕೈ

ಎರಡು ಸರ್ಕಾರಗಳ ಒಪ್ಪಂದದಿಂದ ಬಂದ ವೀಡಿಯೊ ಸಲಹೆಯ ಪರದೆಯಲ್ಲಿ, ದೂರದ ಮಲಾವಿ ದೇಶದ ತಾಯಿಯೊಬ್ಬಳು ತನ್ನ ಮಗುವನ್ನು ಎತ್ತಿ ತೋರಿಸಿದಳು. ಐರೋಲಿಯ ಆಸ್ಪತ್ರೆಯಲ್ಲಿ ಕೂತಿದ್ದ ನರ್ಸ್ ವಾರಿಜಾಳಿಗೆ ಮಗುವಿನ ನೀಲಿಗಟ್ಟಿದ ತುಟಿಗಳು ಸ್ಪಷ್ಟವಾಗಿ ಕಂಡವು.

“ಹಾರ್ಟ್ ಆಪರೇಶನ್ ಬೇಗ ಆಗ್ಬೇಕು. ಅಲ್ಲಿ ಮಾಡುವವರಿಲ್ಲ,” ಎಂದರು ಡಾಕ್ಟರ್ ರಘುಪತಿ, ಮೈಕಿಗೆ ಕೈ ಅಡ್ಡ ಹಿಡಿದು.

“ಇಲ್ಲಿಗೆ ಕರೆಸ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ?”

“ನಮ್ಮದು ಸಲಹೆ ಮಾತ್ರ ಮಾರಾಯ್ತಿ.”

ತಾಯಿ ಮಗುವನ್ನು ಇನ್ನೂ ಮುಂದಕ್ಕೆ ತಂದಳು. ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ನಿಂತ ಹೆಂಗಸರು ಕೊಡುವ ಕೂಸುಗಳನ್ನು ಕೂತಲ್ಲಿಂದಲೇ ಮಡಿಲಿಗೆ ತೆಗೆದುಕೊಳ್ಳುವುದು ವಾರಿಜಾಳಿಗೆ ದಿನದ ರೂಢಿ. ಆ ರೂಢಿಯಲ್ಲೇ ಅವಳು ಎರಡೂ ಕೈ ಚಾಚಿಬಿಟ್ಟಳು.

ಅದನ್ನು ಕಂಡದ್ದೇ ತಾಯಿಯ ಮುಖ ಅರಳಿತು. ಅವಳು ಮಗುವಿಗೆ ಟೊಪ್ಪಿ ಹಾಕಿ, ಶಾಲು ಸುತ್ತಿ, ಪ್ರಯಾಣಕ್ಕೆ ಹೊರಡಿಸತೊಡಗಿದಳು.