ಒದ್ದೆಯಾಗದ ಮನೆ

ಮಳೆ ನಿಂತ ಮರುದಿನ ಸರಸ್ವತಿಪುರಂನ ಆ ತಗ್ಗಿನ ಬೀದಿಯಲ್ಲಿ ನೆಲ ಒಣಗಿದ್ದ ಮನೆ ರುದ್ರಸ್ವಾಮಿಯದೊಂದೇ. ಹಿಂದಿನ ವರ್ಷ ಚರಂಡಿ ಉಕ್ಕಿ ನಡುಮನೆಗೆ ನೀರು ನುಗ್ಗಿದ ಮೇಲೆ ಅವನು ಮೇಟಗಳ್ಳಿಯ ವರ್ಕ್‌ಶಾಪಿನಲ್ಲಿ ದಪ್ಪ ಕಬ್ಬಿಣದ ತಗಡು ಮಾಡಿಸಿ, ಗೇಟಿಗೆ ಅಡ್ಡಲಾಗಿ ಕೂರಿಸುವ ಏರ್ಪಾಡು ಮಾಡಿಕೊಂಡಿದ್ದ. ಬೀದಿಯವರೆಲ್ಲ ಬಕೆಟ್ಟಿನಲ್ಲಿ ಕೆಸರು ಎತ್ತಿ ಹಾಕುತ್ತಿದ್ದರೆ, ಅವನು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ನಿಂತು ಎಲ್ಲರಿಗೂ ತಗಡಿನ ದಪ್ಪ ಹೇಳಿದ.

ಆ ಬಿಂಕ ಬಹಳ ದಿನ ಉಳಿಯಲಿಲ್ಲ. ಪಕ್ಕದ ಮನೆಯ ಅಲಮೇಲಮ್ಮನವರಿಗೆ ನೀರಿನಲ್ಲಿ ಹಾಳಾದ ಸಾಮಾನಿಗೆಲ್ಲ ವಿಮೆಯ ದುಡ್ಡು ಬಂತು. ಹೊಸ ಫ್ರಿಡ್ಜು ಬಂತು, ಸೋಫಾ ಬಂತು, ಗೋಡೆಗೆ ತಿಳಿಹಸಿರು ಬಣ್ಣವೂ ಬಂತು. ನೋಡಿಕೊಂಡು ಬಂದ ಹೆಂಡತಿ ಶುಭಾ, ಗಡಗಡ ಅಲುಗುತ್ತಿದ್ದ ತಮ್ಮ ಫ್ರಿಡ್ಜಿನ ಮುಂದೆ ನಿಂತಳು.

“ಹೋದ ವರ್ಷ ನೀರು ನುಗ್ಗಿದ ಮೇಲೆ ನಾವೂ ವಿಮೆ ಕಟ್ತಿದೀವಲ್ರೀ?”

ವಿಮೆ ಏಜೆಂಟ್ ವಿಜಯ್‌ಕುಮಾರ್ ಪಾಲಿಸಿ ನವೀಕರಣಕ್ಕೆ ಬಂದಾಗ ರುದ್ರಸ್ವಾಮಿ ಅವನನ್ನು ಗೇಟಿನ ಹತ್ತಿರವೇ ತಡೆದ. “ನೋಡಯ್ಯ ಈ ತಗಡು. ನಿಮ್ ಕಂಪ್ನಿ ದುಡ್ಡು ಉಳಿಸಿದ್ದೀನಿ. ಪ್ರೀಮಿಯಂನಲ್ಲಿ ಏನಾದ್ರೂ ಕಮ್ಮಿ ಮಾಡ್ಸು.”

“ಹಾಳಾದ್ರೆ ಕೊಡ್ತಾರೆ ಸಾರ್. ಹಾಳಾಗ್ದೇ ಇದ್ರೆ ಕೊಡೋ ರೂಲ್ಸ್ ಇಲ್ಲ.”

“ಮತ್ತೆ ನಾನು ತಗಡು ಹಾಕ್ಸಿದ್ದು?”

“ಅದು ನಿಮ್ಮ ಖುಷಿ ಸಾರ್,” ಎಂದು ವಿಜಯ್‌ಕುಮಾರ್ ನಕ್ಕ.

ದಸರೆ ಮುಗಿದ ವಾರದಲ್ಲೇ ಮತ್ತೆ ಮಳೆ ಹಿಡಿಯಿತು. ಸಂಜೆಯ ಹೊತ್ತಿಗೆ ಚರಂಡಿ ತುಂಬಿ ನೀರು ಬೀದಿಗೆ ಹರಿಯಿತು. ತಗಡು ಎತ್ತಿಕೊಳ್ಳಲು ಹೊರಟ ರುದ್ರಸ್ವಾಮಿ ನಡುಮನೆಯಲ್ಲಿ ಗಕ್ಕನೆ ನಿಂತ. ಶುಭಾ ರೇಷ್ಮೆ ಸೀರೆ, ಫೋಟೋ ಆಲ್ಬಮ್ಮು, ಅಕ್ಕಿ ಡಬ್ಬ ಎಲ್ಲವನ್ನೂ ಅಟ್ಟಕ್ಕೆ ಸಾಗಿಸಿದ್ದಳು. ಕೆಳಗೆ ಉಳಿದಿದ್ದು ಹಳೇ ಫ್ರಿಡ್ಜು, ಸ್ಪ್ರಿಂಗು ಚುಚ್ಚುವ ಸೋಫಾ, ಮತ್ತು ಅವಳ ಅತ್ತೆಯ ಕಾಲದ ಬೀರು.

“ಇದೇನೇ ಇದು?”

“ಈ ಸಲ ನಿಮಗ್ಯಾಕೆ ಆ ಭಾರ ಎತ್ತೋ ಕಷ್ಟ? ಸೊಂಟ ಬೇರೆ ನೋವು ಅಂತಿದ್ರಿ.”

ಅವನ ಸೊಂಟಕ್ಕೆ ಏನೂ ಆಗಿರಲಿಲ್ಲ. ಆದರೂ, ಅವಳು ಹೇಳಿದ ಮೇಲೆ ಸ್ವಲ್ಪ ಹಿಡಿದುಕೊಂಡ ಹಾಗೆ ಅನ್ನಿಸಿತು. ತಗಡು ಗೋಡೆಗೆ ಒರಗಿದಲ್ಲೇ ಉಳಿಯಿತು.

ಇಬ್ಬರೂ ಮಹಡಿ ಮೆಟ್ಟಿಲ ಮೇಲೆ ಕುಳಿತರು. ನೀರು ಗೇಟು ದಾಟಿತು, ತುಳಸಿ ಕಟ್ಟೆ ಸುತ್ತಿತು, ಜಗಲಿ ಹತ್ತಿತು. ಶುಭಾ ಅವನ ತೋಳು ಹಿಡಿದುಕೊಂಡಳು. ಮದುವೆ ದಿಬ್ಬಣ ಕಾಯುವವರ ಹಾಗೆ ತಾವಿಬ್ಬರೂ ಬಾಗಿಲನ್ನೇ ನೋಡುತ್ತಿದ್ದೇವೆ ಎಂದು ಹೊಳೆದು ರುದ್ರಸ್ವಾಮಿಗೆ ನಾಚಿಕೆಯಾಯಿತು. ಆದರೂ ಕಣ್ಣು ಕೀಳಲಿಲ್ಲ.

ಹೊಸ್ತಿಲಿಗೆ ಬೆರಳಗಲ ಇರುವಾಗ ಮಳೆ ನಿಂತಿತು. ನೀರು ಸ್ವಲ್ಪ ಹೊತ್ತು ಅಲ್ಲೇ ತುಯ್ದಾಡಿ, ನಿಧಾನವಾಗಿ ಇಳಿದು ಹೋಯಿತು.

ಕಾಂಪೌಂಡಿನ ಆಚೆಯಿಂದ ಅಲಮೇಲಮ್ಮನವರ ಧ್ವನಿ ಕೇಳಿಸಿತು. “ಸದ್ಯ, ದೇವರು ಕಾಪಾಡಿದ ಕಣ್ರೀ! ಅಲ್ವಾ?”

ಹೌದು ಅನ್ನಲಿ ಎಂದು ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು.